ಕಾಗದ ಮೊದಲು, ಚಾಪರ್ ಆಮೇಲೆ: ಕ್ಯಾಲಿಫೋರ್ನಿಯಾದಲ್ಲಿ ಹಳೇ ಹಾರ್ಲೆ ಕೊಳ್ಳುವ ಕನ್ನಡಿಗರಿಗೆ

ಮೂರು ವಾರದ ಹಿಂದೆ, ಒಂದು ಶನಿವಾರ ಬೆಳಗ್ಗೆ ಫ್ರೆಸ್ನೋದಿಂದ ಫೋನ್ ಬಂತು. ದಾವಣಗೆರೆ ಕಡೆಯ ಹುಡುಗ, ಹಳೇ ಕಂಪನಿಯಲ್ಲಿ ನನ್ನ ಜೊತೆಗಿದ್ದವನು. "ಅಣ್ಣಾ, ಒಂದು ಚಾಪರ್ ಸಿಕ್ಕೈತಿ. 1969ರ ಶೊವೆಲ್‌ಹೆಡ್ ಎಂಜಿನ್ನಿನ ಹಾರ್ಲೆ. ಉದ್ದನೆ ಫೋರ್ಕು, ಹಿಂದೆ ಶಾಕ್ ಅಬ್ಸಾರ್ಬರ್ರೇ ಇಲ್ಲ. ಕಿಕ್ ಹೊಡೆದ್ರೆ ಸದ್ದು ಎದಿಗೇ ಬಡೀತೈತಿ. ದುಡ್ಡು ಕೊಟ್ಟುಬಿಡ್ಲಾ?"

"ತಡಿ, ಕೊಡಬೇಡ. ಮೊದಲು ಮೊಬೈಲ್ ಟಾರ್ಚ್ ಹಾಕು" ಅಂದೆ.

ಗಾಡಿಯ ಎಡಗಡೆ ಮೊಣಕಾಲೂರಿ ಕೂರಲು ಹೇಳಿದೆ. ಎರಡು ಸಿಲಿಂಡರ್ ವಿ ಆಕಾರದಲ್ಲಿ ಸೇರುವ ಜಾಗದ ಕೆಳಗೆ, ಎಂಜಿನ್ ಕೇಸಿನ ಮೇಲೆ, ಚೂರು ಎತ್ತರಿಸಿದ ಒಂದು ಸಣ್ಣ ಜಾಗ ಇರುತ್ತದೆ. ಅಲ್ಲಿನ ಗ್ರೀಸ್ ಒರೆಸಿ, ಕೆತ್ತಿರುವ ನಂಬರ್ ಓದು ಅಂದೆ. ಒಂದೊಂದೇ ಓದಿದ. ಆರು, ಒಂಬತ್ತು, ಎಫ್, ಎಲ್, ಎಚ್, ಆಮೇಲೆ ನಾಲ್ಕು ಅಂಕಿ. "ಈಗ ಟೈಟಲ್, ಅಂದ್ರೆ ಮಾಲೀಕತ್ವದ ಕಾಗದ, ಕೇಳಿ ಇಸ್ಕೊಂಡು ಅದರಲ್ಲಿರೋದನ್ನ ಓದು." ಅದೇ ನಂಬರ್. ಒಂದು ಅಂಕಿಯೂ ಆಚೀಚೆ ಇಲ್ಲ. "ಮಾಲೀಕರ ಹೆಸರು?" ಅಂತ ಕೇಳಿದೆ. ಅಲ್ಲಿ ಮಾತ್ರ ತೊಡಕಿತ್ತು. ಟೈಟಲ್ ತಂದೆಯ ಹೆಸರಲ್ಲಿತ್ತು. ತಂದೆ ತೀರಿಕೊಂಡು ಎರಡು ತಿಂಗಳಾಗಿತ್ತು. ಮಾರುತ್ತಿದ್ದವರು ಮಗ.

ಆ ಗಾಡಿಯ ಕಥೆಗೆ ಆಮೇಲೆ ಬರುತ್ತೇನೆ. ಇದನ್ನು ಬರೆಯಲು ಕಾರಣವೇ ಆ ಫೋನು. ಮೈಸೂರಿನ ಜಾವಾ, ಯೆಜ್ಡಿ, ಬೆಂಗಳೂರಿನ ಬುಲೆಟ್ ನೋಡಿಕೊಂಡು ಬೆಳೆದ ನಮ್ಮವರು ಇಲ್ಲಿಗೆ ಬಂದು, ಕೈಯಲ್ಲಿ ನಾಲ್ಕು ಕಾಸು ಸೇರಿದ ಮೇಲೆ, ಹಳೇ ಹಾರ್ಲೆ ಚಾಪರ್, ಅಂದರೆ ಕಂಪನಿ ಗಾಡಿಯನ್ನು ಕತ್ತರಿಸಿ ತಮಗೆ ಬೇಕಾದ ಹಾಗೆ ಕಟ್ಟಿಕೊಂಡ ಬೈಕ್, ಅದರ ಮೇಲೆ ಮನಸ್ಸಿಡುವುದು ಸಹಜ. ಆದರೆ ಊರಲ್ಲಿ ಸೆಕೆಂಡ್ ಹ್ಯಾಂಡ್ ಬೈಕ್ ಕೊಂಡ ಅನುಭವ ಇಲ್ಲಿ ಅರ್ಧದಷ್ಟೇ ಉಪಯೋಗಕ್ಕೆ ಬರುತ್ತದೆ. ಉಳಿದರ್ಧ ನಮ್ಮನ್ನು ದಾರಿ ತಪ್ಪಿಸುತ್ತದೆ. ನಾನೇ ಹಾಗೆ ದಾರಿ ತಪ್ಪಿ ದುಡ್ಡು ಕಳೆದುಕೊಂಡವನು.

ಟೈಟಲ್ ಬೇರೆ, ರಿಜಿಸ್ಟ್ರೇಷನ್ ಬೇರೆ

ಊರಲ್ಲಿ ಆರ್‌ಸಿ ಒಂದಿದ್ದರೆ ಸಾಕು. ಗಾಡಿ ಯಾರದ್ದು, ರಸ್ತೆಗಿಳಿಯಬಹುದಾ, ಎರಡಕ್ಕೂ ಅದೇ ಕಾಗದ. ಫಾರಂ 29, 30 ತುಂಬಿ ಆರ್‌ಟಿಓಗೆ ಕೊಟ್ಟರೆ ಮುಗಿಯಿತು. ಇಲ್ಲಿ ಅದನ್ನೇ ಎರಡು ಕಾಗದ ಮಾಡಿದ್ದಾರೆ. ಗಾಡಿ ಯಾರದ್ದು ಅಂತ ಹೇಳುವುದು ಟೈಟಲ್. ಒಂದು ಕಾಲಕ್ಕೆ ಗುಲಾಬಿ ಬಣ್ಣದಲ್ಲಿದ್ದ ಕಾರಣ ಹಳಬರು ಈಗಲೂ ಪಿಂಕ್ ಸ್ಲಿಪ್ ಅಂತಾರೆ. ಈ ವರ್ಷ ರಸ್ತೆಯಲ್ಲಿ ಓಡಿಸಬಹುದು ಅಂತ ಹೇಳುವುದು ರಿಜಿಸ್ಟ್ರೇಷನ್. ಅದನ್ನು ಪ್ರತಿ ವರ್ಷ ನವೀಕರಿಸಬೇಕು. ಗಾಡಿ ಸುಮ್ನೆ ಗ್ಯಾರೇಜಿನಲ್ಲಿ ನಿಂತಿದ್ದರೆ, ಓಡಿಸುತ್ತಿಲ್ಲ ಅಂತ ಡಿಎಂವಿಗೆ, ಅಂದರೆ ಇಲ್ಲಿಯ ಆರ್‌ಟಿಓಗೆ, ಬರೆದುಕೊಡುವ ಪದ್ಧತಿಯಿದೆ. ಅದಕ್ಕೆ ಪಿಎನ್‌ಓ ಅಂತಾರೆ. ಅದನ್ನೂ ಮಾಡದೆ ವರ್ಷಗಟ್ಟಲೆ ಬಿಟ್ಟಿದ್ದರೆ ಹಳೇ ಶುಲ್ಕ, ದಂಡ ಎರಡೂ ಸೇರಿಕೊಂಡಿರಬಹುದು. ಗಾಡಿ ನಿಮ್ಮ ಹೆಸರಿಗೆ ಬರುವಾಗ ಆ ಲೆಕ್ಕವೂ ಎದುರು ಬರುತ್ತದೆ. ಅದಕ್ಕೇ ದುಡ್ಡು ಕೊಡುವ ಮೊದಲೇ ಕೇಳಿ.

ಹಳೇ ಚಾಪರ್‌ಗಳ ಜಾಹೀರಾತಿನಲ್ಲಿ ಪದೇ ಪದೇ ಕಾಣುವ ಒಂದು ಮಾತಿದೆ: "ಬಿಲ್ ಆಫ್ ಸೇಲ್ ಮಾತ್ರ." ಅಂದರೆ ಟೈಟಲ್ ಇಲ್ಲ, ನಾನು ಮಾರಿದೆ ಅಂತ ಒಂದು ಚೀಟಿ ಬರೆದುಕೊಡುತ್ತೇನೆ ಅಂತ ಅರ್ಥ. ಬೆಲೆ ಕಡಿಮೆ ಇರುತ್ತದೆ, ಮನಸ್ಸು ಎಳೆಯುತ್ತದೆ. ಮೊದಲ ಸಲ ಕೊಳ್ಳುವವರು ಅಂಥ ಗಾಡಿಯ ಹತ್ತಿರವೂ ಹೋಗಬೇಡಿ ಅನ್ನೋದು ನನ್ನ ಮಾತು. ಟೈಟಲ್ ಇಲ್ಲದೆ ಕ್ಯಾಲಿಫೋರ್ನಿಯಾದಲ್ಲಿ ಗಾಡಿಯನ್ನು ಹೆಸರಿಗೆ ಮಾಡಿಸಿಕೊಳ್ಳಲು ದಾರಿ ಇಲ್ಲ ಅಂತಲ್ಲ. 5,000 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಬಾಳುವ ಗಾಡಿಗೆ ಶ್ಯೂರಿಟಿ ಬಾಂಡ್, ಅಂದರೆ ಜಾಮೀನು ಪತ್ರ, ಕೊಟ್ಟು ಮಾಡಿಸಬಹುದು. ಆದರೆ ಆ ದಾರಿ ಗೊತ್ತಿದ್ದು ಇಳಿಯುವವರಿಗೆ. ವರ್ಮಾಂಟ್ ರಾಜ್ಯದಿಂದ ಅಂಚೆಯಲ್ಲೇ ರಿಜಿಸ್ಟ್ರೇಷನ್ ತರಿಸಿಕೊಳ್ಳಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬೇರೆ ರಾಜ್ಯದವರಿಗೆ ಇದ್ದ ಆ ಸಲೀಸು ದಾರಿಯನ್ನು 2023ರಲ್ಲಿ ಬಿಗಿ ಮಾಡಿದರು.

ಇನ್ನೊಂದು ಬಲೆ ಇದಕ್ಕಿಂತ ನಯ. ಟೈಟಲ್ ಇರುತ್ತದೆ, ಹಿಂದೆ ಸಹಿಯೂ ಇರುತ್ತದೆ. ಆದರೆ ಆ ಹೆಸರು ನಿಮ್ಮೆದುರು ನಿಂತಿರುವ ಮನುಷ್ಯನದ್ದಲ್ಲ. ಆತ ಬೇರೆಯವರಿಂದ ಕೊಂಡು, ತೆರಿಗೆ ಉಳಿಸಲು ತನ್ನ ಹೆಸರಿಗೆ ಮಾಡಿಸಿಕೊಳ್ಳದೆ, ನೇರವಾಗಿ ನಿಮಗೆ ದಾಟಿಸುತ್ತಿರುತ್ತಾನೆ. ಇದನ್ನು ಇಲ್ಲಿ ಟೈಟಲ್ ಜಂಪಿಂಗ್ ಅಂತಾರೆ. ಸಹಿಯಲ್ಲಿ ಒಂದು ತಪ್ಪಿದ್ದರೂ ನೀವು ನೋಡಿಯೇ ಇರದ ಒಬ್ಬ ಹಳೇ ಮಾಲೀಕನನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ. ಹಾಗಾಗಿ ಟೈಟಲ್ ಜೊತೆಗೆ ಮಾರುವವರ ಡ್ರೈವಿಂಗ್ ಲೈಸೆನ್ಸನ್ನೂ ತೋರಿಸಿ ಅಂತ ಕೇಳಿ. ಮುಜುಗರ ಪಡಬೇಡಿ, ಕೇಳುವುದು ಇಲ್ಲಿ ತಪ್ಪಲ್ಲ. ಟೈಟಲ್ ಮೇಲೆ ಬ್ಯಾಂಕಿನ ಹೆಸರಿದ್ದರೆ, ಅದು ನಮ್ಮ ಹೈಪಾತಿಕೇಶನ್ ಇದ್ದ ಹಾಗೆ. ಸಾಲ ತೀರಿದೆ ಅಂತ ಅವರ ಸಹಿ ಬೇಕು.

1970ರ ಗೆರೆ

ಇದನ್ನು ನಿಧಾನವಾಗಿ ಓದಿ. ಊರಿನಲ್ಲಿ ಎಂಜಿನ್ ನಂಬರ್, ಚಾಸಿ ನಂಬರ್ ಎರಡೂ ಆರ್‌ಸಿಯಲ್ಲಿ ಇರುತ್ತವೆ. ಹಳೇ ಹಾರ್ಲೆಯಲ್ಲಿ ಹಾಗಲ್ಲ. 1969ರ ಮಾಡೆಲ್ ತನಕ ಹಾರ್ಲೆಯ ಫ್ರೇಮಿನ ಮೇಲೆ ಗಾಡಿಯ ನಂಬರೇ ಇರಲಿಲ್ಲ. ಎಂಜಿನ್ ಮೇಲಿನ ನಂಬರೇ ಗಾಡಿಯ ನಂಬರ್. ಮೊದಲೆರಡು ಅಂಕಿ ವರ್ಷ, ಆಮೇಲೆ ಮಾಡೆಲ್ ಅಕ್ಷರಗಳು, ಆಮೇಲೆ ಕ್ರಮಸಂಖ್ಯೆ. ನಮ್ಮ ಹುಡುಗ ಓದಿದ್ದು ಅದನ್ನೇ. 1970ರಿಂದ ಎಂಜಿನ್ ಮೇಲೂ ಫ್ರೇಮ್ ಮೇಲೂ ಒಂದೇ ನಂಬರ್ ಕೆತ್ತಲು ಶುರು ಮಾಡಿದರು. ಆ ದಶಕದ ನಂಬರ್ ಕೊನೆಗೆ ಎಚ್ ಅಕ್ಷರ, ಅದರ ಮುಂದೆ ವರ್ಷದ ಕೊನೇ ಅಂಕಿ ಬರುತ್ತದೆ. ಎಚ್ 2 ಅಂದರೆ 1972. ಇವತ್ತು ನಮಗೆ ಗೊತ್ತಿರುವ 17 ಅಕ್ಷರಗಳ ವಿನ್, ಅಂದರೆ ಗಾಡಿಯ ಗುರುತಿನ ನಂಬರ್, ಬಂದಿದ್ದು 1981ರ ಮಾಡೆಲ್‌ಗಳಿಂದ.

ಚಾಪರ್ ವಿಷಯದಲ್ಲಿ ಇದು ಯಾಕೆ ಅಷ್ಟು ಮುಖ್ಯ? ಚಾಪ್ ಅಂದರೇ ಕತ್ತರಿಸುವುದು. ಎರಡನೇ ಮಹಾಯುದ್ಧ ಮುಗಿಸಿ ಬಂದ ಸೈನಿಕರು ಗಾಡಿ ಹಗುರಾಗಲಿ ಅಂತ ಮಡ್‌ಗಾರ್ಡ್ ಕತ್ತರಿಸಿ, ಬೇಡದ್ದೆಲ್ಲ ಕಿತ್ತು ಹಾಕಿದರು. ಅರವತ್ತರ ದಶಕದ ಹೊತ್ತಿಗೆ ಫ್ರೇಮಿಗೇ ಗರಗಸ ಬಿತ್ತು, ಫೋರ್ಕ್ ಉದ್ದವಾಯಿತು. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ನಮ್ಮ ಬೇ ಏರಿಯಾಗೆ ಈ ಕಥೆಯಲ್ಲಿ ದೊಡ್ಡ ಪಾಲಿದೆ. ಸ್ಯಾನ್ ಲಿಯಾಂಡ್ರೋದಲ್ಲಿ ಕೆಲಸ ಶುರು ಮಾಡಿ, 2019ರಲ್ಲಿ ತೀರಿಕೊಂಡ, ಚಾಪರ್ ಕಟ್ಟುವುದರಲ್ಲಿ ಹೆಸರಾದ ಆರ್ಲೆನ್ ನೆಸ್ ಇಲ್ಲಿಯವರೇ. ಎತ್ತರಕ್ಕೆ ಕೂರಿಸಿದ ಟ್ಯಾಂಕು, ಟ್ರಾಫಿಕ್ ಸಂದಿಯಲ್ಲಿ ನುಗ್ಗಲು ಬರುವಂಥ ಕಿರಿದಾದ ಹ್ಯಾಂಡಲ್ ಇರುವ ಗಾಡಿಗೆ ಇವತ್ತಿಗೂ ಫ್ರಿಸ್ಕೋ ಸ್ಟೈಲ್ ಅಂತಾರೆ. ಕಟ್ಟುವವರು ಎಷ್ಟೋ ಸಲ ಕಂಪನಿ ಫ್ರೇಮ್ ಎಸೆದು, ಹೊರಗಡೆ ಮಾಡಿದ, ಹಿಂದೆ ಶಾಕ್ ಅಬ್ಸಾರ್ಬರ್ ಇಲ್ಲದ ರಿಜಿಡ್ ಫ್ರೇಮ್ ಹಾಕಿರುತ್ತಾರೆ.

ಎಂಜಿನ್ 1969 ಅಥವಾ ಅದಕ್ಕೂ ಹಳೆಯದಾಗಿದ್ದು, ಟೈಟಲ್‌ನಲ್ಲಿ ಅದೇ ಎಂಜಿನ್ ನಂಬರ್ ಇದ್ದರೆ, ಫ್ರೇಮ್ ಮೇಲೆ ನಂಬರ್ ಕಾಣದೇ ಇರುವುದರಲ್ಲಿ ವಿಚಿತ್ರ ಏನೂ ಇಲ್ಲ. 1970ರದ್ದೋ ಅದರ ನಂತರದ್ದೋ ಆಗಿ, ಎಂಜಿನ್ ಮೇಲೆ ನಂಬರ್ ಇದ್ದು ಫ್ರೇಮ್ ಬೋಳಾಗಿದ್ದರೆ, ಅಥವಾ ಎರಡು ನಂಬರ್ ಬೇರೆ ಬೇರೆ ಇದ್ದರೆ, ಅಲ್ಲಿಂದ ತಾಪತ್ರಯ ಶುರು.

ನನಗೆ ಆಗಿದ್ದು ಇದೇ. 2013ರಲ್ಲಿ 6,500 ಡಾಲರ್ ಕೊಟ್ಟು 1972ರ ಎಂಜಿನ್ ಇದ್ದ ಒಂದು ಚಾಪರ್ ತಂದೆ. ಫ್ರೇಮಿನ ಕತ್ತಿನ ಮೇಲೆ, ಅಂದರೆ ಫೋರ್ಕ್ ಬಂದು ಸೇರುವ ಜಾಗದಲ್ಲಿ, ಕಡುನೀಲಿ ಪೇಂಟ್, ಅದರೊಳಗೆ ಬೆಳ್ಳಿ ಪುಡಿ ಮಿನುಗುತ್ತಿತ್ತು. ಬೆರಳಾಡಿಸಿದರೆ ಬೆಣ್ಣೆಯ ಹಾಗೆ ನುಣುಪು. ನಾನು ಆ ನುಣುಪು ನೋಡಿ ಮರುಳಾದೆ, ಅಲ್ಲಿ ಇರಬೇಕಾಗಿದ್ದ ನಂಬರ್ ಇಲ್ಲ ಅನ್ನುವುದು ಹೊಳೆಯಲೇ ಇಲ್ಲ. "ಹಾರ್ಲೆಗೆ ಎಂಜಿನ್ ನಂಬರ್ ಸಾಕು" ಅಂದಿದ್ದ ಮಾರಿದವನು. 1969ರ ತನಕ ಅದು ನಿಜ. ನನ್ನ ಗಾಡಿಗೆ ಅದು ಸುಳ್ಳು. ಫ್ರೇಮ್ ಎಲ್ಲಿಂದ ಬಂತು ಅನ್ನುವುದಕ್ಕೆ ರಸೀದಿ ಬೇಕಿತ್ತು. ಮಾರಿದವನು ಫೋನ್ ಎತ್ತುವುದು ನಿಲ್ಲಿಸಿದ. ಕೊನೆಗೆ ಬಿಚ್ಚಿ ಬಿಡಿಭಾಗಗಳಾಗಿ ಮಾರಿದೆ. ಒಂದು ದಿನವೂ ಅದನ್ನು ರಸ್ತೆಯ ಮೇಲೆ ಓಡಿಸಲಿಲ್ಲ. ಆ ನೀಲಿ ಟ್ಯಾಂಕ್ ಒಂದನ್ನು ಮಾತ್ರ ಇಟ್ಟುಕೊಂಡಿದ್ದೇನೆ.

ಹಾಗೆ ಬಿಡಿಭಾಗ ಸೇರಿಸಿ ಕಟ್ಟಿದ ಗಾಡಿಗೆ ಕ್ಯಾಲಿಫೋರ್ನಿಯಾದಲ್ಲಿ ಕಾನೂನಿನ ದಾರಿ ಇದೆ. ಅದನ್ನು ಸ್ಪೆಷಲಿ ಕನ್‌ಸ್ಟ್ರಕ್ಟೆಡ್ ವೆಹಿಕಲ್ ಅಂತಾರೆ. ಯಾವ ಭಾಗ ಎಲ್ಲಿಂದ ಬಂತು ಅಂತ ಬರೆದುಕೊಡಬೇಕು, ಎಂಜಿನ್ ಮತ್ತು ಫ್ರೇಮಿನ ರಸೀದಿ ಇರಬೇಕು, ಹೈವೇ ಪ್ಯಾಟ್ರೋಲ್‌ನವರು, ಅಂದರೆ ಸಿಎಚ್‌ಪಿಯವರು, ಗಾಡಿ ನೋಡಿ ಪರಿಶೀಲಿಸಬೇಕು. ನಮ್ಮ ದೇಶದ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಮಾಡಿದ್ದಕ್ಕೂ ಆರ್‌ಸಿಗೂ ತಾಳೆಯಾಗದ ಹಾಗೆ ಗಾಡಿ ಬದಲಾಯಿಸುವ ಹಾಗಿಲ್ಲ. ಇಲ್ಲಿ ಬದಲಾಯಿಸಬಹುದು, ಆದರೆ ಲೆಕ್ಕ ಒಪ್ಪಿಸಬೇಕು. ಈಗಾಗಲೇ ಈ ದಾರಿಯಲ್ಲಿ ಸರಿಯಾಗಿ ರಿಜಿಸ್ಟರ್ ಆದ ಚಾಪರ್ ಸಿಕ್ಕರೆ ಹೆದರಬೇಡಿ. ಅದರ ಟೈಟಲ್‌ನಲ್ಲಿ ಹಾರ್ಲೆ ಅಂತ ಇರುವುದಿಲ್ಲ, ವರ್ಷವೂ ಎಂಜಿನ್ನಿನ ವರ್ಷವೇ ಆಗಿರಬೇಕಿಲ್ಲ. ಕಾಗದ ಗಟ್ಟಿ, ಬೆಲೆ ಸ್ವಲ್ಪ ಕಡಿಮೆ. ಓಡಿಸುವ ಆಸೆ ಇರುವವರಿಗೆ ಒಳ್ಳೆಯ ಗಾಡಿ.

ನಂಬರನ್ನು ಓದುವಾಗ ಅಕ್ಷರ ಮಾತ್ರ ನೋಡಬೇಡಿ, ಲೋಹದ ಮೈಯನ್ನೂ ನೋಡಿ. ಕಂಪನಿಯಿಂದ ಬಂದ ಎರಕದ ಮೈ ಸ್ವಲ್ಪ ತರಿತರಿ ಇರುತ್ತದೆ. ಆ ಜಾಗ ಮಾತ್ರ ಅರ ಹಾಕಿ ಉಜ್ಜಿದಂತೆ ಸಪಾಟಾಗಿದ್ದರೆ, ಅಂಕಿಗಳು ಒಂದೊಂದು ಒಂದೊಂದು ಆಳದಲ್ಲಿದ್ದರೆ, ಅಲ್ಲಿಂದ ಎದ್ದು ಬನ್ನಿ. ತಿದ್ದಿದ ನಂಬರ್ ಇರುವ ಗಾಡಿಯನ್ನು ಪೊಲೀಸರು ವಶಪಡಿಸಿಕೊಳ್ಳಬಹುದು. ಆಗ ನಿಮ್ಮ ದುಡ್ಡೂ ಹೋಯಿತು, ಗಾಡಿಯೂ ಹೋಯಿತು. ಎಂಜಿನ್ ಕೇಸಿನ ಅಡಿಯಲ್ಲಿ ಇನ್ನೊಂದು ಸಣ್ಣ ನಂಬರ್ ಇರುತ್ತದೆ. ಬೆಲ್ಲಿ ನಂಬರ್ ಅಂತಾರೆ, ಹೊಟ್ಟೆಯ ನಂಬರ್. ಎಡ ಮತ್ತು ಬಲ ಕೇಸುಗಳ ಮೇಲೆ ಅದು ಒಂದೇ ಇದ್ದರೆ ಎರಡೂ ಹುಟ್ಟಿನಿಂದ ಜೋಡಿ ಅಂತ ಲೆಕ್ಕ. ಇದಕ್ಕೆ ನೆಲದ ಮೇಲೆ ಮಲಗಬೇಕು. ಮಲಗಿ. ಕಳವು ಗಾಡಿಯೇ ಅಂತ ನೋಡಲು ಇಂಟರ್ನೆಟ್‌ನಲ್ಲಿ ಎನ್‌ಐಸಿಬಿ ಅನ್ನುವ, ವಿಮಾ ಕಂಪನಿಗಳ ಅಪರಾಧ ತಡೆ ಸಂಸ್ಥೆಯ ಉಚಿತ ಸೌಲಭ್ಯ ಇದೆ. ಆದರೆ ಅದು 17 ಅಕ್ಷರದ ನಂಬರ್‌ಗೆ ಮಾಡಿದ್ದು. ಹಳೇ ಗಾಡಿಗೆ ಪೊಲೀಸ್ ಅಥವಾ ಸಿಎಚ್‌ಪಿ ಮೂಲಕ ನೋಡಿಸುವುದೇ ಸರಿ.

ಟೈಟಲ್ ಮೇಲಿನ ವರ್ಷ ಇನ್ನೇನೇನು ನಿರ್ಧರಿಸುತ್ತದೆ

ಚಾಪರ್ ಅಂದರೆ ಕಿತ್ತು ಹಾಕಿದ ಗಾಡಿ ಅಂದೆನಲ್ಲ. ಯಾವುದನ್ನು ಕಿತ್ತರೆ ನಡೆಯುತ್ತದೆ, ಯಾವುದನ್ನು ಕಿತ್ತರೆ ಪೊಲೀಸ್ ದಂಡದ ಚೀಟಿ ಕೊಡುತ್ತಾನೆ, ಅದೂ ವರ್ಷದ ಮೇಲೆಯೇ ನಿಂತಿದೆ. ಕ್ಯಾಲಿಫೋರ್ನಿಯಾದಲ್ಲಿ 1966ಕ್ಕೆ ಮೊದಲು ತಯಾರಾದ ಬೈಕಿಗೆ ಮುಂದೆ ಅಥವಾ ಹಿಂದೆ, ಒಂದು ಬ್ರೇಕ್ ಇದ್ದರೂ ಸಾಕು. ಆಮೇಲಿನದಕ್ಕೆ ಎರಡೂ ಚಕ್ರಕ್ಕೆ ಬೇಕೇ ಬೇಕು. ಉದ್ದ ಫೋರ್ಕಿನ ಎಷ್ಟೋ ಚಾಪರ್‌ಗಳಲ್ಲಿ ಮುಂದಿನ ಚಕ್ರ ತೆಳ್ಳಗೆ, ಚಂದ ಕಾಣಲಿ ಅಂತ ಬ್ರೇಕನ್ನೇ ತೆಗೆದಿರುತ್ತಾರೆ. ಫ್ರೆಸ್ನೋದ 1969ರ ಗಾಡಿಯೂ ಹಾಗೇ ಇತ್ತು. ಮುಂದೆ ಬ್ರೇಕ್ ಹಾಕಿಸುವ ಖರ್ಚನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿಕೋ ಅಂದೆ. ಕಾನೂನು ಬಿಡಿ, ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ. ಮುಂದಿನ ಬ್ರೇಕ್ ಇಲ್ಲದ ಗಾಡಿಯಲ್ಲಿ 101ನೇ ಹೆದ್ದಾರಿಗೆ ಹೋಗಬೇಡಿ ಅಂತ ನಾನು ನನ್ನ ತಮ್ಮನಿಗೂ ಹೇಳುತ್ತೇನೆ.

ಇಂಡಿಕೇಟರ್ ಕಡ್ಡಾಯ ಆಗಿದ್ದು 1973ರ ಜನವರಿ 1ರಿಂದ ತಯಾರಾಗಿ ಮೊದಲ ಸಲ ರಿಜಿಸ್ಟರ್ ಆದ ಬೈಕುಗಳಿಗೆ. ಅದಕ್ಕೂ ಹಳೆಯದಾದರೆ ಕೈ ಸನ್ನೆ ಸಾಕು. ಎಂಜಿನ್ ಶುರುವಾದ ತಕ್ಷಣ ಹೆಡ್‌ಲೈಟ್ ತಾನೇ ಹತ್ತಿಕೊಳ್ಳಬೇಕು ಅನ್ನುವ ನಿಯಮ 1978ರಿಂದ. ಹ್ಯಾಂಡಲ್ ಎತ್ತರಕ್ಕೆ ಮಾತ್ರ ವರ್ಷದ ಲೆಕ್ಕ ಇಲ್ಲ. ಸೀಟಿನ ಮೇಲೆ ಕೂತಾಗ ಕೈ ಭುಜಕ್ಕಿಂತ 6 ಇಂಚಿಗಿಂತ ಮೇಲೆ ಹೋಗಬಾರದು. ಮರ ಹತ್ತುವ ಮಂಗನ ಹಾಗೆ ಕೈ ಮೇಲೆತ್ತಿ ಹಿಡಿಯುವ ಏಪ್ ಹ್ಯಾಂಗರ್ ಹ್ಯಾಂಡಲ್ ಇದ್ದರೆ, ಅಲ್ಲೇ ಕೂತು ಟೇಪ್ ಹಿಡಿದು ಅಳೆಸಿ. ಬೈಕುಗಳಿಗೆ ಸ್ಮಾಗ್ ಪರೀಕ್ಷೆ, ಅಂದರೆ ಹೊಗೆ ತಪಾಸಣೆ, ಇಲ್ಲ, ಅದೊಂದು ನೆಮ್ಮದಿ. ಸೈಲೆನ್ಸರ್ ಮಾತ್ರ ಇರಲೇಬೇಕು.

ಗಾಡಿ ನೋಡುವಾಗ

ಹೋದ ತಕ್ಷಣ ಸಿಲಿಂಡರ್ ಮೇಲೆ ಅಂಗೈ ಇಡಿ, ಕೇಳಿ ಇಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಶುರು ಮಾಡಿ ಇಟ್ಟಿದ್ದಾರೆ ಅಂತ ಅರ್ಥ. ತಣ್ಣಗಿರುವ ಎಂಜಿನ್ ಹೇಗೆ ಏಳುತ್ತದೆ ಅನ್ನುವುದರಲ್ಲೇ ಅರ್ಧ ಆರೋಗ್ಯ ತಿಳಿಯುತ್ತದೆ. ಮಾಲೀಕರ ಕೈಯಲ್ಲೇ ಕಿಕ್ ಹೊಡೆಸಿ. ಗಾಡಿಯನ್ನು ಬಲ್ಲವರು ಪೆಟ್ರೋಲ್ ಬಿಟ್ಟು, ಚೋಕ್ ಎಳೆದು, ಇಗ್ನಿಷನ್ ಆಫ್ ಇಟ್ಟೇ ನಿಧಾನಕ್ಕೆ ಎರಡು ಕಿಕ್ ತುಳಿಯುತ್ತಾರೆ. ಆಮೇಲೆ ಸ್ವಿಚ್ ಹಾಕಿ, ಮೈಭಾರವೆಲ್ಲ ಬಿಟ್ಟು ಒಂದು. ಒಂದೆರಡು ಸಲಕ್ಕೆ ಎದ್ದು ನಿಂತು ಗುಡುಗಿದರೆ ಒಳ್ಳೆಯ ಗಾಡಿ. ನಮ್ಮ ಮಾವನ ಯೆಜ್ಡಿಯಲ್ಲಿ ಕಿಕ್ಕೂ ಗೇರೂ ಒಂದೇ ಲಿವರ್. ಅದನ್ನು ತುಳಿದು ಕಲಿತ ಕಾಲಿಗೂ ಹಾರ್ಲೆಯ ಕಿಕ್ ಹೊಸದೇ. ಟೈಮಿಂಗ್ ಸರಿಯಿಲ್ಲದಿದ್ದರೆ ಲಿವರ್ ತಿರುಗಿ ಒದೆಯುತ್ತದೆ, ಪಾದದ ಗಂಟು ಹೋಗುತ್ತದೆ. ಚಪ್ಪಲಿ ಹಾಕಿಕೊಂಡು ಹೋಗಬೇಡಿ.

ನೆಲದ ಮೇಲೆ ಆಯಿಲ್ ನೋಡಿ. ಹಳೇ ಹಾರ್ಲೆಯಲ್ಲಿ ಅಲ್ಪಸ್ವಲ್ಪ ಜಿನುಗುವುದು ಸಾಮಾನ್ಯ. ತಿಂಗಳುಗಟ್ಟಲೆ ನಿಂತಾಗ ಟ್ಯಾಂಕಿನ ಆಯಿಲ್ ಕೆಳಗೆ ಎಂಜಿನ್ನಿಗೆ ಇಳಿದು, ಶುರು ಮಾಡಿದಾಗ ಉಗುಳುವುದೂ ಇದೆ. ಅದಕ್ಕೆ ಪರಿಹಾರ ಇದೆ. ಪರಿಹಾರ ಕಷ್ಟವಾಗಿರುವುದು ಫ್ರೇಮಿನ ಕತ್ತಿಗೆ. ಉದ್ದ ಫೋರ್ಕ್ ಹಾಕಲು ಕತ್ತನ್ನು ಕತ್ತರಿಸಿ, ಇಳಿಜಾರು ಜಾಸ್ತಿ ಮಾಡಿ, ಮತ್ತೆ ವೆಲ್ಡ್ ಮಾಡಿರುತ್ತಾರೆ. ಎಪ್ಪತ್ತರ ದಶಕದಲ್ಲಿ ಆ ಬೆಸುಗೆ ಕಾಣದಂತೆ ಪುಟ್ಟಿ ಮೆತ್ತಿ, ಮೈ ನುಣುಪು ಮಾಡಿ ಪೇಂಟ್ ಹೊಡೆಯುವುದು ಫ್ಯಾಷನ್ ಆಗಿತ್ತು. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತಾರಲ್ಲ, ಅದು ಇಲ್ಲಿಗೆ ಸರಿಯಾದ ಮಾತು. ಅಡುಗೆಮನೆಯ ಫ್ರಿಜ್‌ನಿಂದ ಒಂದು ಸಣ್ಣ ಅಯಸ್ಕಾಂತ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಬಟ್ಟೆ ಸುತ್ತಿ, ಕತ್ತಿನ ಸುತ್ತ ಆಡಿಸಿ. ಕಬ್ಬಿಣ ಇರುವ ಕಡೆ ಕಚ್ಚುತ್ತದೆ, ದಪ್ಪ ಪುಟ್ಟಿ ಇರುವ ಕಡೆ ಜಾರುತ್ತದೆ. ಜಾರಿದ ಕಡೆ ಪೇಂಟ್‌ನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಒಬ್ಬ ಒಳ್ಳೆ ವೆಲ್ಡರ್ ನೋಡದ ಹೊರತು ಕೊಳ್ಳಬೇಡಿ. ಆ ಬೆಸುಗೆ ಬಿಟ್ಟರೆ ಮುಂದಿನ ಚಕ್ರವೇ ಕಳಚಿಕೊಂಡ ಹಾಗೆ.

ಟೈರ್ ಚೆನ್ನಾಗಿ ಕಂಡರೂ ಪಕ್ಕದಲ್ಲಿ DOT ಅಂತ ಶುರುವಾಗುವ ಗುರುತಿನ ಕೊನೆಯ ನಾಲ್ಕು ಅಂಕಿ ಓದಿ. ಮೊದಲೆರಡು ವಾರ, ಕೊನೆಯೆರಡು ವರ್ಷ. 2209 ಅಂದರೆ 2009ರ 22ನೇ ವಾರ. ಅಂಥ ಟೈರ್ ಮೇಲೆ ಮನೆಗೂ ಓಡಿಸಿಕೊಂಡು ಬರಬೇಡಿ, ಟ್ರೈಲರ್ ಮೇಲೆ ತನ್ನಿ.

ಬೆಲೆಯ ಬಗ್ಗೆ ಕೇಳುತ್ತೀರಿ. ಸ್ಪೋರ್ಟ್‌ಸ್ಟರ್‌ನ ಹಳೇ ಐರನ್‌ಹೆಡ್ ಎಂಜಿನ್ 1957ರಿಂದ 1985ರ ತನಕ ಬಂತು, ಕೈಗೆಟಕುವುದು ಅದೇ. 1966ರಿಂದ 1984ರ ಶೊವೆಲ್‌ಹೆಡ್ ಬೆಲೆ ನಡುಮಟ್ಟದ್ದು. 1948ರಿಂದ 1965ರ ಪ್ಯಾನ್‌ಹೆಡ್ ದುಬಾರಿ. 1936ರಿಂದ 1947ರ ನಕಲ್‌ಹೆಡ್ ನಮ್ಮಂಥವರಿಗೆ ನೋಡಿ ಕಣ್ತುಂಬಿಕೊಳ್ಳಲು. ಹಾರ್ಲೆಯೇ ಬೇಕು ಅಂತಿಲ್ಲ, 1969ರಿಂದ ಬಂದ ಹೋಂಡಾ ಸಿಬಿ 750 ಮೇಲೂ ಚಂದದ ಚಾಪರ್ ಕಟ್ಟಿದ್ದಾರೆ, ಅದರ ಖರ್ಚೂ ಕಡಿಮೆ.

ಚೌಕಾಸಿ ಮಾಡಿ, ತಪ್ಪಿಲ್ಲ. ಆದರೆ ಗಾಡಿ ನೋಡುವ ಮೊದಲೇ ಫೋನಿನಲ್ಲಿ "ಕೊನೇ ರೇಟ್ ಹೇಳಿ" ಅಂದರೆ ಇಲ್ಲಿಯವರಿಗೆ ಬೇಸರವಾಗುತ್ತದೆ. ಇದು ಅವರು ಕೈಯಾರೆ ಕಟ್ಟಿದ್ದು, ಅವರಿಗೆ ಮಗುವಿದ್ದ ಹಾಗೆ. ಕೇಳದೆ ಮುಟ್ಟಬೇಡಿ, ಕೇಳದೆ ಮೇಲೆ ಹತ್ತಿ ಕೂರಬೇಡಿ. ಕಟ್ಟಿದ ಕಥೆ ಕೇಳಿ. ಆ ಕಥೆಯಲ್ಲೇ ಯಾವ ಭಾಗ ಎಲ್ಲಿಂದ ಬಂತು ಅನ್ನುವುದೂ ಹೊರಬರುತ್ತದೆ.

ದುಡ್ಡು ಕೊಟ್ಟ ಮೇಲೆ

ಬಿಲ್ ಆಫ್ ಸೇಲ್ ಬರೆಸುವಾಗ ಎಂಜಿನ್ ನಂಬರ್ ಒಂದು ಸಾಲಿನಲ್ಲಿ, ಫ್ರೇಮ್ ನಂಬರ್ ಇನ್ನೊಂದು ಸಾಲಿನಲ್ಲಿ ಬರೆಸಿ. ಇಲ್ಲದಿದ್ದರೆ "ಇಲ್ಲ" ಅಂತ ಬರೆಸಿ. ಮಾರಿದವರು 5 ದಿನದೊಳಗೆ ರೆಗ್ 138 ಅನ್ನುವ ಫಾರಂನಲ್ಲಿ ಗಾಡಿ ತಮ್ಮದಲ್ಲ ಅಂತ ಡಿಎಂವಿಗೆ ತಿಳಿಸಬೇಕು. ಕೊಂಡವರು 10 ದಿನದೊಳಗೆ ಹೆಸರು ಬದಲಾಯಿಸಲು ಹೋಗಬೇಕು. ಕ್ಯಾಲಿಫೋರ್ನಿಯಾ ಟೈಟಲ್ ಇದ್ದು ಎಲ್ಲ ಸರಿಯಿದ್ದರೆ ಗಾಡಿ ತೋರಿಸುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಎಎಎ ಅನ್ನುವ ವಾಹನ ಮಾಲೀಕರ ಸಂಘದ ಸದಸ್ಯರಾಗಿದ್ದರೆ ಅವರ ಕಚೇರಿಯಲ್ಲೇ ಆಗುತ್ತದೆ. ಬೇರೆ ರಾಜ್ಯದ ಗಾಡಿಯಾದರೆ ನಂಬರ್ ಪರಿಶೀಲನೆ ಬೇಕು, ಅದರ ಫಾರಂ ರೆಗ್ 31. ಹಳೇ ಹಾರ್ಲೆ ತೋರಿಸುವಾಗ ಪರಿಶೀಲಿಸುವವರು ಅಭ್ಯಾಸದಂತೆ ಫ್ರೇಮಿನ ಕತ್ತಿನಲ್ಲೇ ನಂಬರ್ ಹುಡುಕುತ್ತಾರೆ. 1970ಕ್ಕೆ ಮೊದಲು ಎಂಜಿನ್ ನಂಬರೇ ಗಾಡಿಯ ನಂಬರ್ ಅಂತ ತೋರಿಸುವ ಒಂದು ಪುಟ ಮುದ್ರಿಸಿ ಜೊತೆಗೆ ಒಯ್ಯಿರಿ. ನಂಬರ್ ಮೇಲಿನ ಗ್ರೀಸ್ ಮನೆಯಲ್ಲೇ ಒರೆಸಿ. ತಂತಿಯ ಬ್ರಷ್ಷಿನಲ್ಲಿ ಉಜ್ಜಬೇಡಿ, ಮೈ ತಿದ್ದಿದಂತೆ ಕಾಣುತ್ತದೆ.

ಬೇರೆ ರಾಜ್ಯದ ಕಾಗದದ ವಿಷಯವೂ ಬೇರೆ. ನ್ಯೂಯಾರ್ಕ್‌ನಲ್ಲಿ 1972 ಮತ್ತು ಅದಕ್ಕೂ ಹಳೇ ಗಾಡಿಗೆ ಟೈಟಲ್ಲೇ ಕೊಡುವುದಿಲ್ಲ, ಅಲ್ಲಿ ರಿಜಿಸ್ಟ್ರೇಷನ್ ಕಾಗದವೇ ಆಧಾರ. ಒಹಾಯೊದಲ್ಲಿ ಮಾರುವವರು ನೋಟರಿ ಎದುರು ಸಹಿ ಹಾಕಬೇಕು. ದೂರದಿಂದ ಕೊಳ್ಳುವ ಮೊದಲು ಆ ರಾಜ್ಯದ ನಿಯಮ ಓದಿ.

ತೆರಿಗೆ ಮರೆಯಬೇಡಿ. ಖಾಸಗಿಯಾಗಿ ಕೊಂಡರೂ ಯೂಸ್ ಟ್ಯಾಕ್ಸ್ ಕಟ್ಟಬೇಕು. ರಾಜ್ಯದ ಕನಿಷ್ಠ ದರ 7.25%. ನಮ್ಮ ಬೇ ಏರಿಯಾದ ಎಷ್ಟೋ ಊರುಗಳಲ್ಲಿ ಅದು 9 ದಾಟುತ್ತದೆ. ತೆರಿಗೆ ಉಳಿಸಲು 9,000ದ ಗಾಡಿಗೆ 500 ಅಂತ ಬರೆಸೋಣ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಅದು ಸುಳ್ಳು ಹೇಳಿಕೆಗೆ ಸಹಿ ಹಾಕಿದ ಹಾಗೆ. ವೀಸಾ ಮೇಲೆ ಇರುವವರು ಅಂಥದ್ದಕ್ಕೆ ಕೈ ಹಾಕಲೇಬಾರದು.

ಇನ್ಶೂರೆನ್ಸ್ ಬೆಲೆಯನ್ನು ಗಾಡಿ ಕೊಳ್ಳುವ ಮೊದಲೇ ಕೇಳಿ. 2025ರಿಂದ ಕ್ಯಾಲಿಫೋರ್ನಿಯಾದ ಕನಿಷ್ಠ ಹೊಣೆ ವಿಮೆ ಒಬ್ಬರ ಗಾಯಕ್ಕೆ 30,000, ಒಂದು ಅಪಘಾತಕ್ಕೆ ಒಟ್ಟು 60,000, ಆಸ್ತಿ ಹಾನಿಗೆ 15,000 ಡಾಲರ್. ಅದು ಎದುರಿನವರಿಗೆ. ನಿಮ್ಮ ಗಾಡಿಗೆ ಅಗ್ರೀಡ್ ವ್ಯಾಲ್ಯೂ, ಅಂದರೆ ಮೊದಲೇ ಒಪ್ಪಿಕೊಂಡ ಬೆಲೆ, ಇರುವ ಪಾಲಿಸಿ ಕೇಳಿ. ಇಲ್ಲದಿದ್ದರೆ ಕಳುವಾದ ದಿನ ಅದನ್ನು ಐವತ್ತು ವರ್ಷದ ಹಳೇ ಬೈಕು ಅಂತಷ್ಟೇ ಲೆಕ್ಕ ಹಾಕುತ್ತಾರೆ.

ಲೈಸೆನ್ಸ್ ವಿಷಯ ಚಿಕ್ಕದು. ಊರಿನ ಟೂ ವೀಲರ್ ಲೈಸೆನ್ಸ್ ಇದ್ದರೂ ಇಲ್ಲಿ ಎಂ 1 ಅನ್ನುವ ಬೈಕ್ ಲೈಸೆನ್ಸ್ ಬೇಕು. ಸುರಕ್ಷತಾ ತರಬೇತಿ ಮುಗಿಸಿದರೆ ಡಿಎಂವಿಯ ಓಡಿಸುವ ಪರೀಕ್ಷೆ ತಪ್ಪುತ್ತದೆ. ಊರಲ್ಲಿ ಇಪ್ಪತ್ತು ವರ್ಷ ಓಡಿಸಿದವರೂ ಆ ತರಬೇತಿಗೆ ಹೋಗಿ. ಹೆಲ್ಮೆಟ್ 1992ರಿಂದ ಎಲ್ಲರಿಗೂ ಕಡ್ಡಾಯ. ತರಬೇತಿಯಲ್ಲಿ ಕೊಡುವುದು ಸಣ್ಣ ಬೈಕು. ಕಾಲಲ್ಲಿ ಕ್ಲಚ್, ಕೈಯಲ್ಲಿ ಗೇರ್ ಇರುವ ಚಾಪರ್ ಕೊಂಡರೆ ಅದನ್ನು ಬೇರೆಯೇ ಕಲಿಯಬೇಕು, ಭಾನುವಾರ ಬೆಳಗ್ಗೆ ಖಾಲಿ ಪಾರ್ಕಿಂಗ್ ಜಾಗದಲ್ಲಿ.

ಇನ್ನೊಂದು ಮಾತು, ನಮ್ಮ ಹುಡುಗರಿಗೆ. ಗಾಡಿಗೆ ಜೊತೆಯಾಗಲಿ ಅಂತ ಬೆನ್ನ ಮೇಲೆ ಮೂರು ತುಂಡು ಪ್ಯಾಚ್ ಇರುವ ಲೆದರ್ ಕೋಟು ಕೊಳ್ಳಬೇಡಿ. ಅದು ಮೋಟಾರ್‌ಸೈಕಲ್ ಕ್ಲಬ್‌ಗಳ ಗುರುತು. ಅದನ್ನು ವರ್ಷಗಟ್ಟಲೆ ಇದ್ದು ಗಳಿಸುತ್ತಾರೆ, ಅಂಗಡಿಯಲ್ಲಿ ಕೊಂಡು ಹಾಕಿದವರನ್ನು ನಿಲ್ಲಿಸಿ ಕೇಳುತ್ತಾರೆ. ಸಾದಾ ಜಾಕೆಟ್ ಸಾಕು.

ಈಗ ಫ್ರೆಸ್ನೋದ ಗಾಡಿ. ಮಾಲೀಕರು ತೀರಿಕೊಂಡಾಗ ಕೋರ್ಟಿಗೆ ಹೋಗದೆ ವಾರಸುದಾರರು ಗಾಡಿ ವರ್ಗಾಯಿಸಲು ಕ್ಯಾಲಿಫೋರ್ನಿಯಾದಲ್ಲಿ ರೆಗ್ 5 ಅನ್ನುವ ಪ್ರಮಾಣಪತ್ರ ಇದೆ. ಸತ್ತು 40 ದಿನ ಕಳೆದಿರಬೇಕು, ಆಸ್ತಿಯ ಮೊತ್ತ ಮಿತಿಯೊಳಗಿರಬೇಕು. ಟೈಟಲ್ ಕ್ಯಾಲಿಫೋರ್ನಿಯಾದ್ದೇ ಆಗಿರಬೇಕು. ಮರಣ ಪ್ರಮಾಣಪತ್ರ ಜೊತೆಗಿಡಬೇಕು. ಮಗನಿಗೆ ಇದು ಗೊತ್ತಿರಲಿಲ್ಲ. ಫಾರಂ ಮುದ್ರಿಸಿ ನಾವೇ ಒಯ್ದೆವು. ಅವರ ಅಡುಗೆಮನೆಯ ಮೇಜಿನ ಮೇಲೆ ಕೂತು ತುಂಬಿಸಿದೆವು. ಸಹಿ ಹಾಕಿ ಆತ ಒಳಗೆ ಹೋಗಿ ಒಂದು ಬೂಟಿನ ಡಬ್ಬಿ ತಂದರು. ಅದರಲ್ಲಿ ಫ್ರೇಮಿನ ರಸೀದಿ, ಕಾರ್ಬ್ಯುರೇಟರ್ ರಸೀದಿ, 1974ರಲ್ಲಿ ಅವರಪ್ಪ ಅದೇ ಗ್ಯಾರೇಜಿನಲ್ಲಿ ಗಾಡಿ ಕಟ್ಟುವಾಗ ತೆಗೆದ ಮೂರು ಫೋಟೋ. ರಸೀದಿ ನೀವಿಟ್ಟುಕೊಳ್ಳಿ, ಫೋಟೋ ನನಗಿರಲಿ ಅಂದರು. ಹುಡುಗ ಆ ಫೋಟೋಗಳನ್ನು ಮೊಬೈಲಿನಲ್ಲಿ ತೆಗೆದುಕೊಂಡ.

ಗಾಡಿ ಸದ್ಯ ನನ್ನ ಗ್ಯಾರೇಜಿನಲ್ಲಿದೆ. ಮುಂದಿನ ಚಕ್ರ ಬಿಚ್ಚಿದ್ದೇವೆ, ಬ್ರೇಕ್ ಇರುವ ಹಬ್ ಶುಕ್ರವಾರ ಬರುತ್ತದೆ. ಡಿಎಂವಿ ಅಪಾಯಿಂಟ್‌ಮೆಂಟ್ ಮಂಗಳವಾರ ಹತ್ತು ಗಂಟೆಗೆ.